ಬೀಗ ಹಾಕಿದ ವ್ಯಾನಿನೊಳಗೆ ನೀರು

ಬೆಳಗಿನ ಏಳು ಗಂಟೆಗೆ ವ್ಯಾನಿನ ಹಿಂಬಾಗಿಲು ತೆಗೆದರೆ, ಒಳಗಿದ್ದ ರೇಷ್ಮೆಗೂಡಿನ ಹದಿನೆಂಟು ಮೂಟೆಗಳಲ್ಲಿ ಹನ್ನೊಂದು ತೊಯ್ದಿದ್ದವು. ಬೀಗ ನೆಟ್ಟಗಿತ್ತು. ಅದರ ಒಂದೇ ಒಂದು ಬೀಗದ ಕೈ ರಾತ್ರಿಯಿಡೀ ಚನ್ನಕೇಶವನ ಉಡಿದಾರದಲ್ಲಿತ್ತು.

ಅದು ಅರವತ್ತನಾಲ್ಕರ ಮಾಘದ ಚಳಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಸಾಗಿಸಲೆಂದು ಚನ್ನಕೇಶವ ಹಳೆಯ ಡೀಸೆಲ್ ವ್ಯಾನೊಂದನ್ನು ಪರೀಕ್ಷೆಗೆ ತಂದಿದ್ದ. ಅದನ್ನು ನೋಡಿ ಹೇಳಲು ಬಂದವನು ಬಸ್ಸು ಓಡಿಸಿ ನಿವೃತ್ತನಾದ ಮುದ್ದಪ್ಪ. ಜೊತೆಗೆ ಹೆಂಡತಿ ಸುಬ್ಬಲಕ್ಷ್ಮಮ್ಮ. ಎಂಜಿನ್ನಿನ ಕಳ್ಳತನ ಗಂಡನಿಗೆ ಗೊತ್ತಾದರೆ ಮನುಷ್ಯರ ಕಳ್ಳತನ ಹೆಂಡತಿಗೆ ಗೊತ್ತಾಗುತ್ತದೆ ಎಂದು ಸೀಮೆಯೆಲ್ಲ ಹೇಳುತ್ತಿತ್ತು. ಮುದ್ದಪ್ಪನಿಗೆ ಅದರಲ್ಲಿ ಹೆಮ್ಮೆಯೂ ಇತ್ತು, ತುಸು ಹೊಟ್ಟೆಕಿಚ್ಚೂ ಇತ್ತು.

"ಇನ್ಯಾರಮ್ಮ? ಕೋನಪ್ಪನೇ!" ಎಂದು ಚನ್ನಕೇಶವ ಕೂಗಾಡಿದ. "ವ್ಯಾನು ಬಂದ್ರೆ ಇವನ ಎತ್ತಿನಗಾಡಿಗೆ ಕೆಲಸ ಇರಲ್ಲ. 'ಇದ್ರೊಳಗೆ ತುಂಬಬೇಡಿ, ಗೂಡು ಕೆಡ್ತದೆ' ಅಂತ ನಿನ್ನೆ ಎಲ್ಲರೆದುರೂ ಹೆದರಿಸಿದ. ರಾತ್ರಿ ನೀರಿನ ಬಿಂದಿಗೆ ಇಟ್ಕೊಂಡು ವ್ಯಾನಿನ ಪಕ್ಕದಲ್ಲೇ ಮಲಗಿದ್ದ. ಪೊಲೀಸರಿಗೆ ಹೇಳಿಕಳಿಸಿದ್ದೀನಿ."

ಇಪ್ಪತ್ತು ವರ್ಷ ಊರಿನ ಗೂಡು ಹೊತ್ತ ಕೋನಪ್ಪನನ್ನು ಇಬ್ಬರು ಹಿಡಿದುಕೊಂಡಿದ್ದರು. ಗೂಡು ಕೆಡಿಸಿದವನೆಂಬ ಹೆಸರು ಒಮ್ಮೆ ಅಂಟಿದರೆ ಇನ್ನು ಯಾರೂ ಅವನ ಗಾಡಿಗೆ ಮೂಟೆ ಹಾಕುವುದಿಲ್ಲ. ಆದರೂ ಅವನು ಹೇಳಿದ್ದು ಬೇರೆ ಮಾತು.

"ನನ್ನ ಆಮೇಲೆ ಹೊಡೀರಪ್ಪ, ಮೊದಲು ಗೂಡು ಹರವಿ."

ಸುಬ್ಬಲಕ್ಷ್ಮಮ್ಮ ಅವನನ್ನೇ ಒಂದು ಗಳಿಗೆ ನೋಡಿ, ಚಾಪೆಗಳ ಮೇಲೆ ಗೂಡು ಹರವಿಸಿದಳು. ಆಮೇಲೆ ಇನ್ನೂ ಬಿಚ್ಚದಿದ್ದ ತೊಯ್ದ ಮೂಟೆಯೊಂದರ ನಡುವೆ ಮೊಣಕೈವರೆಗೆ ಕೈ ತೂರಿಸಿದಳು. "ಬೆಚ್ಚಗಿದೆ. ರೀ, ಮೇಲ್ಗಡೆ ತಗಡು ತೂತಾಗಿದೆಯಾ?"

"ಸೂಜಿ ಹೋಗೋಷ್ಟೂ ಇಲ್ಲ ಕಣೇ. ಆದ್ರೆ ಒಳಗಡೆ ಚಾವಣಿ ತುಂಬ ಹನಿ," ಎಂದ ಮುದ್ದಪ್ಪ.

ಜಾಗ ಸಾಲದೆ ಕೋನಪ್ಪನ ಗಾಡಿಯಲ್ಲೇ ಉಳಿದಿದ್ದ ನಾಲ್ಕು ಮೂಟೆಗಳು ತೊಯ್ದಿರಲಿಲ್ಲ. ಅವುಗಳಿಂದ ಆಕೆ ತಗಡಿನ ಡಬ್ಬಿಯೊಂದಕ್ಕೆ ಗೂಡು ಒತ್ತಿ ತುಂಬಿ, ಮುಚ್ಚಳ ಬಿಗಿದು, ಬಾವಿಕಟ್ಟೆಯ ನೆರಳಲ್ಲಿಟ್ಟಳು. "ಚನ್ನಕೇಶವ, ಕಾವಲಿಗೆ ನೀನೇ ಕೂತ್ಕೊ. ಇನ್ಯಾರೂ ಮುಟ್ಟಬಾರದು."

ಮಧ್ಯಾಹ್ನ ಎಲ್ಲರೂ ಸೇರಿದಾಗ ಚನ್ನಕೇಶವನ ಕೈಯಿಂದಲೇ ಮುಚ್ಚಳ ತೆಗೆಸಿದಳು. ಮುಚ್ಚಳದ ಒಳಮೈ ಬೆವರಿತ್ತು.

"ಇದಕ್ಕೆ ನೀರು ಹುಯ್ದೋರು ಯಾರಪ್ಪ?" ಎಂದು ಕೇಳಿದಳು. "ಗೂಡಿನೊಳಗೆ ಜೀವ ಇದೆ. ಅದು ಉಸಿರಾಡ್ತದೆ. ಗಾಳಿಯಾಡದ ತಗಡಿನ ಪೆಟ್ಟಿಗೇಲಿ ಒತ್ತಿ ತುಂಬಿದ್ರೆ ಕಾವೇರ್ತದೆ. ಆ ಹಬೆ ಚಳಿಗೆ ತಣ್ಣಗಾದ ತಗಡಿಗೆ ತಾಗಿ ನೀರಾಗ್ತದೆ. ಅದಕ್ಕೇ ತಗಡಿಗೆ ತಾಗಿದ ಮೂಟೆಗಳು ಮಾತ್ರ ತೊಯ್ದವು. ಬಿಂದಿಗೆ ನೀರು ಹುಯ್ದಿದ್ರೆ ಗೂಡು ತಣ್ಣಗಿರ್ತಿತ್ತು, ಬೆಚ್ಚಗಲ್ಲ. ಗಾಡಿಯ ಮೂಟೆಗೆ ಗಾಳಿ ಸಿಕ್ತು, ತೊಯ್ಲಿಲ್ಲ. ಕೋನಪ್ಪ ನಿಮ್ಮನ್ನ ಹೆದರಿಸಲಿಲ್ಲ, ಎಚ್ಚರಿಸಿದ. ಬೆಳೆ ಹಾಳುಮಾಡೋನು ಏಟು ತಿನ್ನೋ ಹೊತ್ತಲ್ಲಿ 'ಗೂಡು ಹರವಿ' ಅಂತಾನಾ?"

"ಯಾಕೆ ಕೆಡ್ತದೆ ಅಂತ ನಂಗೆ ಗೊತ್ತಿರಲಿಲ್ಲಮ್ಮ," ಎಂದ ಕೋನಪ್ಪ. "ನಮ್ಮಪ್ಪ ಮೂಟೆ ಮಧ್ಯೆ ಸಂದು ಬಿಡ್ತಿದ್ದ, ನಾನೂ ಬಿಡ್ತೀನಿ."

ಚನ್ನಕೇಶವನ ಮುಖ ಇಂಗು ತಿಂದ ಮಂಗನಂತಾಗಿತ್ತು. "ಹಂಗಾದ್ರೆ ವ್ಯಾನು ಬೇಡ್ವಾ, ಮುದ್ದಪ್ಪನೋರೆ?"

"ತಗೋ. ಎಂಜಿನ್ನು ಗಟ್ಟಿ, ತುಂಬಿದ ಲೋಡಿಗೂ ಏರು ಹತ್ತಿತು. ತಗಡು ಕೀಳಿಸಿ, ಗಾಳಿಯಾಡೋ ಹಂಗೆ ಸಂದು ಬಿಟ್ಟು ಮರದ ಪಟ್ಟಿ ಹೊಡೆಸು. ಮೂಟೆ ಜೋಡಿಸೋಕೆ ಮಾತ್ರ ಗೊತ್ತಿರೋನು ಬೇಕು."

ಚನ್ನಕೇಶವ ಕೋನಪ್ಪನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಕಣಣ್ಣ. ಪೊಲೀಸರಿಗೆ ಬರೋದು ಬೇಡ ಅಂತ ಹೇಳಿಕಳಿಸ್ತೀನಿ. ವ್ಯಾನಿಗೆ ನೀನೇ ಬಾ."

"ಬರ್ತೀನಿ," ಎಂದ ಕೋನಪ್ಪ. "ಆದ್ರೆ ಪೊಲೀಸ್ ಅಂದ್ಯಲ್ಲಪ್ಪ, ಅದು ನನ್ನ ಹೆಂಡ್ತಿ ಕೊಂಡಮ್ಮನ ಕಿವಿಗೆ ಬಿದ್ದಿದೆ. ಬೆಳಗಿಂದ ಒಲೆ ಹಚ್ಚಿಲ್ಲವಂತೆ. ನಾನು ಹೇಳಿದ್ರೆ ನಂಬಲ್ಲ. ನೀನೇ ಬಂದು ಹೇಳು."

ಚನ್ನಕೇಶವ ಚಪ್ಪಲಿಯನ್ನೂ ಮೆಟ್ಟದೆ ಮುಂದೆ ನಡೆದ.