ಎಂಟು ಪಾಯಿಂಟ್ ಮೂರು

ಕುಶಾಲನಗರದ ತಮ್ಮ ಪುಟ್ಟ ಆಫೀಸಿಗೆ ಸಿಂಚನಾ ಒದ್ದೆ ಚಪ್ಪಲಿಯಲ್ಲೇ ನುಗ್ಗಿದಳು. ತೀರ್ಥಪ್ರಸಾದ್ ತಲೆಯೆತ್ತಿ ನಕ್ಕ. ದಿನಾ ಅವಳು ಕದ್ದು ನೋಡುತ್ತಿದ್ದ ಆ ನಗು ಇಂದು ಅವಳ ಮೈ ಉರಿಸಿತು.

ನೆಲ್ಯಹುದಿಕೇರಿಯಲ್ಲಿ ಕಾವೇರಿ ಏರಿದರೆ ಸೈರನ್ ಕೂಗಿಸುವ ಸಾಫ್ಟ್‌ವೇರ್ ಅವರದು. ಕೋಡ್ ಬರೆದವನು ಅವನು, ಟೆಸ್ಟ್ ಮಾಡಿದವಳು ಅವಳು. ನೀರು 8.3 ಮೀಟರ್ ಮುಟ್ಟಿದೊಡನೆ ಸೈರನ್ ಕೂಗಬೇಕು. ಆ ಗಡಿಯ ಆಚೀಚಿನ ಅಂಕಿಗಳನ್ನು ಕೊಟ್ಟು ನೋಡಿದಾಗಲೇ ಸಿಂಚನಾಗೆ ತಪ್ಪು ಸಿಕ್ಕಿತ್ತು. ಹಿಂದಿನ ಮಟ್ಟ 8.1ಕ್ಕೆ ಹೊಸ ಏರಿಕೆ 0.2 ಕೂಡಿಸಿದರೆ ಕಂಪ್ಯೂಟರಿನೊಳಗೆ 8.3 ಆಗುತ್ತಿರಲಿಲ್ಲ, 8.29ರ ಮುಂದೆ ಒಂಬತ್ತುಗಳ ಸಾಲೇ ಬರುತ್ತಿತ್ತು. ಪರದೆ 8.3 ಎಂದೇ ತೋರಿಸುತ್ತಿತ್ತು, ಸೈರನ್ ಮಾತ್ರ ಸುಮ್ಮನಿರುತ್ತಿತ್ತು. ಮೀಟಿಂಗಿನಲ್ಲಿ ಹೇಳಿದಾಗ, ಮೇಡಂಗೆ ಕೂದಲು ಸೀಳುವುದೇ ಕೆಲಸ ಎಂದು ತೀರ್ಥ ಎಲ್ಲರನ್ನೂ ನಗಿಸಿ ಅದನ್ನು ಬದಿಗೆ ಸರಿಸಿದ್ದ.

ಇಂದು ಬೆಳಿಗ್ಗೆ ನೀರು ಸರಿಯಾಗಿ ಆ ಗಡಿಯಲ್ಲೇ ಬಹಳ ಹೊತ್ತು ನಿಂತಿತು. ಅದು ಇನ್ನೂ ಏರಿ ಸೈರನ್ ಕೂಗುವಷ್ಟರಲ್ಲಿ, ದಡದಲ್ಲೇ ಮನೆಯಿದ್ದ ಚೋಮಿ ಅಜ್ಜಿಯ ಅಡುಗೆಮನೆಯನ್ನು ಹೊಳೆ ಹೊಕ್ಕಿತ್ತು. ಗಾಬರಿಯಲ್ಲಿ ಎದ್ದ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಸುದ್ದಿ ತಿಳಿದು ಓಡಿಹೋಗಿ, ಜೀಪಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಕರೆತಂದವಳು ಸಿಂಚನಾ.

ಅವಳು ಎಲ್ಲವನ್ನೂ ಹೇಳಿ ಮುಗಿಸಿದಾಗ ತೀರ್ಥನ ಮುಖದಲ್ಲಿ ರಕ್ತವಿರಲಿಲ್ಲ.

"ಅವತ್ತು ನನ್ನ ಮಾತನ್ನ ಎಂತಕ್ಕೆ ತಳ್ಳಿಬಿಟ್ಟೆ? ನಿಂಗೆ ಅರ್ಥ ಆಗಿರ್ಲಿಲ್ವಾ?"

"ಆಗಿತ್ತು." ಅವನ ದನಿ ಕುಗ್ಗಿತು. "ನಮ್ಮಿಬ್ಬರನ್ನ ಎಲ್ರೂ ರೇಗಿಸ್ತಿದ್ರಲ್ಲ. ನಿನ್ನ ಮಾತಿಗೆ ಹೂಂ ಅಂದ್ರೆ ಗೊತ್ತಾಗಿಬಿಡ್ತದೆ ಅಂತ ಹೆದರಿದೆ."

"ಎಂತ ಗೊತ್ತಾಗ್ತದೆ?"

"ನೀನಂದ್ರೆ ನಂಗೆ ಇಷ್ಟ ಅಂತ."

ಇಷ್ಟು ಕಾಲ ಕಾದ ಮಾತು ಇಂಥ ಹೊತ್ತಿನಲ್ಲೇ ಬರಬೇಕೇ? ಅವಳ ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂತು.

"ಇಷ್ಟ ಇದ್ದವನು ನನ್ನ ಮಾತು ಕೇಳ್ಬೇಕಿತ್ತು."

ಅವನು ಅವಳ ಮುಂದೆಯೇ ಪಂಚಾಯಿತಿಗೆ ಫೋನ್ ಮಾಡಿ, ಸಿಂಚನಾ ಮೊದಲೇ ಎಚ್ಚರಿಸಿದ್ದಳು, ತಪ್ಪು ತನ್ನದೇ ಎಂದ. ಮೀಟರಿನ ದಶಮಾಂಶ ಬಿಟ್ಟು ಎಲ್ಲವನ್ನೂ ಮಿಲಿಮೀಟರಿನ ಪೂರ್ಣ ಸಂಖ್ಯೆಗೆ ತಿದ್ದಿದ. ಅವಳು ಗಡಿಗಿಂತ ಒಂದು ಕಡಿಮೆ, ಸರಿಯಾಗಿ ಗಡಿ, ಒಂದು ಹೆಚ್ಚು ಎಂದು ಮತ್ತೆ ಮತ್ತೆ ಕೊಟ್ಟು ನೋಡಿದಳು. ಈ ಸಲ ತಪ್ಪಲಿಲ್ಲ. ಕೆಲಸ ಮುಗಿಯುವವರೆಗೆ ಅವನ ಮುಖ ನೋಡಲಿಲ್ಲ.

ಸಂಜೆ ಆಸ್ಪತ್ರೆಗೆ ಅವನೂ ಬಂದ. ಅಜ್ಜಿಯ ವಾರ್ಡಿನ ಬಾಗಿಲಲ್ಲಿ ಅವನು ಒಳಹೋಗಲು ಹಿಂಜರಿದು ನಿಂತ. ಸಿಂಚನಾ ಅವನ ಕೈಯನ್ನು, ನೋಯುವಷ್ಟು ಬಿಗಿಯಾಗಿ, ಹಿಡಿದಳು.

"ಸಿಟ್ಟು ಇನ್ನೂ ಇಳಿದಿಲ್ಲ ನಂಗೆ."

"ಗೊತ್ತು."

"ಇಳಿಯೋವರೆಗೆ ನೀನು ಎಲ್ಲಿಗೂ ಹೋಗ್ಬಾರ್ದು."