ತೆಗೀಲಾ?

ಲಿಫ್ಟಿನ ಬಾಗಿಲು ಮುಚ್ಚುವ ಕೊನೆಯ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಒಂದು ಕೈ. ಗ್ರೀಸ್ ಮೆತ್ತಿದ, ಅವಳತ್ತಲೇ ಚಾಚಿದ ಕೈ.

"ನಿಲ್ಲಿ... ಹತ್ತಬೇಡಿ..."

ನಿಲ್ಲುವುದೆಂದರೇನು? ಅವಳು ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಬಾಗಿಲು ಮುಚ್ಚಿತು, ಲಿಫ್ಟ್ ಮೇಲೇರಿತು. ಸದ್ಯ, ತಪ್ಪಿಸಿಕೊಂಡೆ ಎಂದು ಗೋಡೆಗೊರಗಿದಳು.

ಬಿಟ್ಟ ಉಸಿರು ಇನ್ನೂ ಪೂರ್ತಿ ಹೊರಗೆ ಬಂದಿರಲಿಲ್ಲ. ಲಿಫ್ಟ್ ಗಡಗಡ ನಡುಗಿ ನಿಂತುಬಿಟ್ಟಿತು. ದೀಪವೂ ಆರಿತು.

ಇವಳು ಇಷ್ಟು ಹೆದರಿದ್ದೇಕೆ ಎಂದು ಹೇಳಿಬಿಡುತ್ತೇನೆ, ಆಮೇಲೆ ನೀವೇ ನಗಬೇಕೋ ಅಳಬೇಕೋ ನೋಡಿಕೊಳ್ಳಿ.

ಅವಳು ಫೋಟೋಗ್ರಫಿ ಓದುತ್ತಿದ್ದಳು, ಕೊನೆಯ ವರ್ಷ. ಪ್ರದರ್ಶನಕ್ಕೆ ಆರಿಸಿಕೊಂಡ ವಿಷಯ ಬೆನ್ನು. ಬಸ್ಸಿಗೆ ಕಾಯುವವರ ಬೆನ್ನು, ಬಾಗಿಲಲ್ಲಿ ನಿಂತವರ ಬೆನ್ನು, ಬೀದಿಯಲ್ಲಿ ನಡೆಯುವವರ ಬೆನ್ನು. ಯಾಕಮ್ಮಾ ಬೆನ್ನು ಎಂದು ಯಾರಾದರೂ ಕೇಳಿದರೆ, ಬೆನ್ನು ಸುಳ್ಳು ಹೇಳುವುದಿಲ್ಲ ಎಂದು ದೊಡ್ಡ ಮಾತಾಡುತ್ತಿದ್ದಳು. ಸುಳ್ಳು ಹೇಳುತ್ತಿದ್ದವಳು ಅವಳೇ. ಅವಳಿಗೆ ಮುಖಗಳೆಂದರೆ ಭಯ.

ಮೊದಲ ವರ್ಷದಲ್ಲಿ ರಸ್ತೆಬದಿ ಕೂತಿದ್ದ ಒಬ್ಬ ಹೆಂಗಸಿನ ಮುಖವನ್ನು ಕೇಳದೆಯೇ ತೆಗೆದಿದ್ದಳು. ಆಕೆ ಅಳುತ್ತಿದ್ದಾಳೆಂದು ಗೊತ್ತಾದದ್ದು ಕ್ಯಾಮೆರಾ ಇಳಿಸಿದ ಮೇಲೆ. ಆಕೆ ಕಿರುಚಿದಳು, ಜನ ಸೇರಿದರು, ಯಾರೋ ಕ್ಯಾಮೆರಾದ ಪಟ್ಟಿ ಹಿಡಿದೆಳೆದರು. ಅಂದಿನಿಂದ ಯಾವ ಮುಖದತ್ತ ಕ್ಯಾಮೆರಾ ಎತ್ತಿದರೂ ಕೈ ನಡುಗುತ್ತಿತ್ತು.

ಅವಳಿಗೆ ಈ ಹುಚ್ಚು ಹಿಡಿಸಿದ್ದು ಅಜ್ಜ. ಅಜ್ಜನಿಗೊಂದು ಪುಟ್ಟ ಸ್ಟುಡಿಯೋ ಇತ್ತು. ಎದುರಿಗೆ ಕೂತಿದ್ದು ಮಗುವಾದರೂ ಸರಿ, ಮುದುಕರಾದರೂ ಸರಿ, ಅಜ್ಜ ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ತಲೆ ಹೊರಹಾಕಿ "ತೆಗೀಲಾ?" ಎಂದು ಕೇಳುತ್ತಿದ್ದ. ಹೂಂ ಎನ್ನುವವರೆಗೂ ತೆಗೆಯುತ್ತಿರಲಿಲ್ಲ. ಅಜ್ಜನ ಹಾಗೆ ಮುಖ ತೆಗೆಯಬೇಕು, ಮುಖ ತೆಗೆಯುವವಳೆಂದೇ ಹೆಸರಾಗಬೇಕು ಎಂಬುದು ಅವಳ ಆಸೆ. ಆದರೆ ಆ ಒಂದು ಮಾತು ಕೇಳಲು ಹೋದರೆ ಸಾಕು, ಗಂಟಲು ಒಣಗುತ್ತಿತ್ತು.

ಹೀಗಿರುವಾಗ ನಿನ್ನೆ ತರಗತಿಯಲ್ಲಿ ಮೇಡಂ ಅವಳ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು. ಬಹಳ ಹೊತ್ತು ನೋಡಿ, ಇಷ್ಟೂ ಜನ ಬೇರೆ ಬೇರೆಯವರಾ ಎಂದು ಕೇಳಿದ್ದರು. ಹೌದು ಎಂದಳು. ಮೇಡಂ ಒಂದೊಂದರ ಮೇಲೂ ಬೆರಳಿಡುತ್ತಾ ಹೋದರು. ಒಂದರಲ್ಲಿ ಮಳೆಕೋಟು, ಇನ್ನೊಂದರಲ್ಲಿ ನೀಲಿ ಸಮವಸ್ತ್ರ, ಮತ್ತೊಂದರಲ್ಲಿ ಮಾಸಿದ ಚೌಕುಳಿ ಅಂಗಿ. ಎಲ್ಲದರಲ್ಲೂ ಎಡಭುಜ ಒಂದಿಷ್ಟು ಇಳಿದಿತ್ತು.

"ಇದು ಒಬ್ಬನೇ ಕಣೇ," ಎಂದರು ಮೇಡಂ.

ಪಕ್ಕದಲ್ಲಿದ್ದ ಗೆಳತಿ ಸುಮ್ಮನಿರುತ್ತಾಳೆಯೇ, ಹಿಂಬಾಲಿಸುವವರ ಬಗ್ಗೆ ಕೇಳಿದ್ದೀನಿ, ಇವನ್ಯಾರೇ ಮುಂಬಾಲಿಸುವವನು ಎಂದು ನಕ್ಕಳು. ಇವಳಿಗೆ ನಗು ಬರಲಿಲ್ಲ. ತಾನು ಹೋದಲ್ಲೆಲ್ಲ ತನಗಿಂತ ಮೊದಲೇ ಹೋಗಿ ನಿಲ್ಲುವವನು ಯಾರು? ಯಾಕೆ?

ಇವತ್ತು ಆರನೇ ಮಹಡಿಯ ಲ್ಯಾಬಿನಿಂದ ಪ್ರಿಂಟ್ ತರಲೆಂದು ಈ ಕಟ್ಟಡಕ್ಕೆ ಬಂದರೆ, ಲಿಫ್ಟಿನ ಪಕ್ಕದಲ್ಲೇ ಆ ಬೆನ್ನು ಬಗ್ಗಿ ಕೂತಿತ್ತು. ಅದು ತಿರುಗತೊಡಗಿತು. ಎದುರಿಗಿದ್ದ 'ದುರಸ್ತಿಯಲ್ಲಿದೆ' ಎಂಬ ಬೋರ್ಡು ಅವಳ ಕಣ್ಣಿಗೆಲ್ಲಿ ಬೀಳಬೇಕು? ಸೀದಾ ಲಿಫ್ಟಿನೊಳಗೆ ನುಗ್ಗಿದ್ದಳು.

"ಮೇಡಂ, ಒಳಗಿದ್ದೀರಾ?" ಹೊರಗಿನಿಂದ ಗಂಡುದನಿ ಕೇಳಿತು.

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಉತ್ತರ ಕೊಟ್ಟರೆ ಏನಾಗುತ್ತದೋ... ಕೊಡದಿದ್ದರೆ ಏನಾಗುತ್ತದೋ...

"ನಾನು ಲಿಫ್ಟ್ ರಿಪೇರಿಯವನು. ಹೆದರಬೇಡಿ, ಅದು ಬೀಳಲ್ಲ. ಮೇಲೆ ಹೋಗಿ ಕೈಯಲ್ಲಿ ಚಕ್ರ ತಿರುಗಿಸ್ತೀನಿ. ನಿಧಾನಕ್ಕೆ ಇಳಿಯುತ್ತೆ, ನಿಂತಲ್ಲೇ ನಿಂತಿರಿ."

ಹೆಜ್ಜೆಗಳು ಮೆಟ್ಟಿಲೇರಿ ದೂರವಾದವು. ಸ್ವಲ್ಪ ಹೊತ್ತಿಗೆ ಕಾಲಡಿಯ ನೆಲ ಗೇಣುಗೇಣಾಗಿ ಜಾರಿತು. ನಡುವೆ ಒಮ್ಮೆ ನಿಂತಿತು. ಮೇಲಿನಿಂದ ನೋವಿನಲ್ಲಿ ನರಳಿದಂಥ ಸದ್ದು. ಮತ್ತೆ ಜಾರಿತು. ಕೊನೆಗೆ ಹೆಜ್ಜೆಗಳು ಇಳಿದುಬಂದು ಬಾಗಿಲ ಹೊರಗೇ ನಿಂತವು.

"ಬಾಗಿಲು ತೆಗೀಲಾ?"

ಅವಳು ತಲೆ ಎತ್ತಿದಳು.

"ಹೆದರಿದ್ದೀರಾ ಅಂತ ಗೊತ್ತು. ನೀವು ಹೂಂ ಅನ್ನೋವರೆಗೂ ತೆಗೆಯಲ್ಲ."

ಆ ಕತ್ತಲಲ್ಲಿ ಅವಳಿಗೆ ಅಜ್ಜನ ಸ್ಟುಡಿಯೋ ಕಣ್ಣಿಗೆ ಕಟ್ಟಿತು. ಹೊರಗಿದ್ದವನು ಮತ್ತೆ ಕೇಳಲೂ ಇಲ್ಲ, ಬಾಗಿಲು ತಟ್ಟಲೂ ಇಲ್ಲ. ಸುಮ್ಮನೆ ಕಾಯುತ್ತಿದ್ದ.

"ಹೂಂ," ಎಂದಳು.

ಬಾಗಿಲು ತೆರೆಯಿತು. ಇಷ್ಟು ದಿನ ಬೆನ್ನು ಮಾತ್ರ ಕಂಡಿದ್ದವನ ಮುಖ ಎದುರಿಗಿತ್ತು. ಬೆವರಿಳಿದ, ನೋವು ನುಂಗಿಕೊಂಡ ಮುಖ. ಬಲಗೈ ಎಡಭುಜವನ್ನು ಒತ್ತಿ ಹಿಡಿದಿತ್ತು. ಅವಳ ಕೊರಳಿನ ಕ್ಯಾಮೆರಾ ಕಂಡದ್ದೇ ಅವನ ಬಣ್ಣ ಇಳಿಯಿತು.

"ಓ, ನೀವೇನಾ ಅದು? ಕಂಪನಿಯೋರು ಕಳಿಸಿದ್ರಾ? ಯಾಕೆ ನನ್ನ ಹಿಂದೆ ಬಿದ್ದಿದ್ದೀರಾ?"

ಅವಳು ಕಕ್ಕಾಬಿಕ್ಕಿಯಾದಳು. "ನಾನಾ? ನೀವು ತಾನೇ ಎಲ್ಲಿ ಹೋದ್ರೂ ನನ್ನ ಮುಂದಿರೋದು!"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು.

ನಿಜ ಹೊರಬಿದ್ದದ್ದು ಮೆಟ್ಟಿಲ ಮೇಲೆ, ಕಟ್ಟಡದ ವಾಚ್‌ಮನ್ ತಾತ ಕೊಟ್ಟ ನೀರು ಕುಡಿದಾದ ಮೇಲೆ. ಆ ಬೀದಿಯ ಲಿಫ್ಟುಗಳೆಲ್ಲ ಅವನ ಜವಾಬ್ದಾರಿ. ಅವಳ ಲ್ಯಾಬು, ಬಸ್‌ಸ್ಟಾಪು, ಕಾಲೇಜು ಎಲ್ಲವೂ ಅದೇ ಬೀದಿಯಲ್ಲಿ. ಅವನು ಮುಂಬಾಲಿಸಿದ್ದೂ ಇಲ್ಲ, ಅವಳು ಹಿಂಬಾಲಿಸಿದ್ದೂ ಇಲ್ಲ. ಆದರೆ ಅಷ್ಟು ಜನರ ನಡುವೆ ಅವಳ ಕ್ಯಾಮೆರಾ ಅವನನ್ನೇ ಹುಡುಕಿ ಹುಡುಕಿ ಹಿಡಿದದ್ದೇಕೆ? ಆ ಪ್ರಶ್ನೆಗೆ ಅವಳು ಕೆಂಪಾಗಿ, ನೀರಿನ ಲೋಟವನ್ನು ತಾತನಿಗೆ ಕೊಡಲೆಂದು ಎದ್ದಳು.

ಆಮೇಲೆ ಅವಳಿಗೆ ಲ್ಯಾಬಿನಲ್ಲಿ ದಿನಾ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು. ಲಿಫ್ಟ್ ಸರಿಯಿದ್ದರೂ ಮೆಟ್ಟಿಲು ಹತ್ತುವಳು. ಏನಮ್ಮಾ, ಕಾಲಿಗೆ ವ್ಯಾಯಾಮವೋ, ಕಣ್ಣಿಗೆ ವ್ಯಾಯಾಮವೋ ಎಂದು ವಾಚ್‌ಮನ್ ತಾತ ಕಾಲೆಳೆಯುತ್ತಿದ್ದ.

ಅವನು ತನ್ನ ಭಯವನ್ನು ಹೇಳಿಕೊಂಡದ್ದೂ ಅದೇ ಮೆಟ್ಟಿಲ ಮೇಲೆ. ಹಿಂದಿನ ವರ್ಷ ಲಿಫ್ಟ್ ಏರಿಳಿಯುವ ಬಾವಿಯಲ್ಲಿ ಕಾಲು ಜಾರಿತ್ತು. ಎಡಗೈಯೊಂದರಲ್ಲೇ ನೇತಾಡಿ ಜೀವ ಉಳಿಸಿಕೊಂಡಿದ್ದ. ಭುಜ ಪೂರ್ತಿ ವಾಸಿಯಾಗುವ ಮೊದಲೇ ಎಲ್ಲ ಸರಿಹೋಯಿತು ಎಂದು ಕೆಲಸಕ್ಕೆ ಮರಳಿದ್ದ. ನಿಜ ತಿಳಿದರೆ ಕಂಪನಿ ಅವನನ್ನು ಉಗ್ರಾಣದಲ್ಲಿ ಕೂರಿಸುತ್ತದೆ. ಹಗ್ಗ, ಚಕ್ರ, ಎತ್ತರ ಬಿಟ್ಟು ಅವನಿಗೆ ಬೇರೇನೂ ಗೊತ್ತಿಲ್ಲ. ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ಬೀದಿಯಲ್ಲಿ ಮತ್ತೆ ಮತ್ತೆ ಕಂಡಾಗ, ಸಿಕ್ಕಿಬಿದ್ದೆ ಎಂದುಕೊಂಡಿದ್ದ.

ಅಂದಿನಿಂದ ಅವಳ ಭಯದ ದಿಕ್ಕೇ ಬದಲಾಯಿತು. ಅವನು ಮೇಲೆ ಹತ್ತಿದಾಗಲೆಲ್ಲ ಕೆಳಗೆ ನಿಂತ ಅವಳ ಜೀವ ಬಾಯಿಗೆ ಬರುತ್ತಿತ್ತು. ಮೇಲೆಲ್ಲೋ ಕಬ್ಬಿಣ ಠಣ್ ಎಂದರೆ ಸಾಕು, ಕಣ್ಣು ಮುಚ್ಚಿಕೊಳ್ಳುವಳು. 'ಆ ಭುಜ ಇನ್ನೊಂದು ಸಲ ಹಿಡಿದುಕೊಳ್ಳುತ್ತಾ? ಹಿಡಿಯದಿದ್ದರೆ?'

ಮತ್ತು ಆ ಇಳಿದ ಭುಜವನ್ನೇ ಅವಳು ಊರಿಗೆಲ್ಲ ಕಾಣುವಂತೆ ಪ್ರದರ್ಶನದ ಸಭಾಂಗಣದ ಗೋಡೆಗೆ ತೂಗುಹಾಕಿದ್ದಳು.

ಇದನ್ನು ಹೇಗೆ ಹೇಳುವುದು? ಹೇಳಲು ಹೆದರಿ ದಿನ ದೂಡಿದಳು. ಪ್ರದರ್ಶನಕ್ಕೆ ಎರಡೇ ದಿನ ಉಳಿದಾಗ ಆ ಚಿತ್ರಗಳ ಪ್ರತಿಗಳನ್ನು ತಂದು ಅವನ ಮಡಿಲಲ್ಲಿಟ್ಟಳು.

ಅವನು ಒಂದೊಂದಾಗಿ ನೋಡಿದ.

"ಇದು ನಾನಾ?" ಎಂದ ಕೊನೆಗೆ. "ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ನನ್ನ ಬೆನ್ನು ನಾನೆಲ್ಲಿ ನೋಡಿರ್ತೀನಿ..."

"ಕೇಳದೆ ತೆಗೆದೆ. ತಪ್ಪು ನನ್ನದು," ಎಂದಳು. "ನಿಮ್ಮ ಕೆಲಸಕ್ಕೆ ಕುತ್ತು ಬರೋದಾದ್ರೆ ಹೇಳಿ. ಗೋಡೆ ಮೇಲೆ ಒಂದೂ ಉಳಿಸಲ್ಲ."

ಅದು ಅವಳ ಕೊನೆಯ ವರ್ಷದ ದುಡಿಮೆ ಅಷ್ಟೂ ಎಂದು ಅವನಿಗೆ ಗೊತ್ತಿತ್ತು. ಅವಳ ಮುಖ ನೋಡಿದ, ಮತ್ತೆ ಚಿತ್ರಗಳನ್ನು ನೋಡಿದ.

"ನಾಳೆ ಹೇಳ್ತೀನಿ," ಎಂದು ಎದ್ದುಹೋದ.

ಮರುದಿನ ಬೆಳಿಗ್ಗೆ ಅವಳು ಬಂದಾಗ ಅವನಿರಲಿಲ್ಲ. ಅವನ ಚೀಲವೂ ಇರಲಿಲ್ಲ. ವಾಚ್‌ಮನ್ ತಾತ ಮಾತ್ರ ಇದ್ದ.

"ಅವಸರದಲ್ಲಿ ಬಂದು ಹೋದ್ರಮ್ಮಾ. ಫೋಟೋ ತೆಗೀಬೇಡಿ ಅಂತ ಹೇಳಿಬಿಡಿ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಫೋಟೋ ತೆಗೀಬೇಡಿ... ಇನ್ನು ಮುಂದೆ ನನ್ನ ಫೋಟೋ ತೆಗೆಯಬೇಡಿ, ನನ್ನ ದಾರಿಗೆ ಬರಬೇಡಿ. ಅವಳು ಹೆದರುತ್ತಿದ್ದದ್ದೇ ಆಯಿತು. ಕೊನೆಗೂ ಅವನು ಅವಳಿಗೆ ಬೆನ್ನೇ ತೋರಿಸಿದ್ದ.

ಸಭಾಂಗಣಕ್ಕೆ ಹೋಗಿ ಚಿತ್ರಗಳನ್ನು ಒಂದೊಂದಾಗಿ ಇಳಿಸಿದಳು. ಕಣ್ಣೀರಿನಲ್ಲಿ ಮೊಳೆಗಳೇ ಕಾಣುತ್ತಿರಲಿಲ್ಲ. ಮೇಡಂ ಓಡಿಬಂದು ಬೈದರು, ಖಾಲಿ ಗೋಡೆಗೆ ನಾನು ಅಂಕ ಕೊಡುವುದು ಹೇಗೆ ಎಂದು ಕೇಳಿದರು. ಅವಳು ಒಂದೇ ಮಾತು ಹೇಳಿದಳು, ಅವರು ಬೇಡವೆಂದಿದ್ದಾರೆ ಎಂದು. ಮೇಡಂ ಅವಳ ಮುಖ ನೋಡಿ, ಇಳಿಸಿದ ಚಿತ್ರಗಳನ್ನು ಕಟ್ಟಲು ಕೈಜೋಡಿಸಿದರು.

ಪ್ರದರ್ಶನದ ದಿನ ಜನ ಬಂದರು. ಉಳಿದವರ ಗೋಡೆಗಳ ಮುಂದೆ ಗುಂಪು, ಅವಳ ಗೋಡೆಯ ಮುಂದೆ ಬರೀ ಮೊಳೆಗಳು. ಚಿತ್ರಗಳ ಕಟ್ಟನ್ನು ಕಾಲಬಳಿ ಇಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಬಾಗಿಲಲ್ಲಿ ಸದ್ದಾದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು. ಅವನು ಬಿದ್ದನೆಂಬ ಸುದ್ದಿ ಬಂದರೆ?

ಆಗ ಅವನೇ ಬಂದ. ಎಡಗೈ ಬಿಳಿ ಪಟ್ಟಿಯಲ್ಲಿ ಕೊರಳಿಗೆ ತೂಗಿತ್ತು.

ಅವಳು ಧಡಕ್ಕನೆ ಎದ್ದಳು. "ಏನಾಯ್ತು? ಬಿದ್ರಾ?"

ಅವನು ಖಾಲಿ ಗೋಡೆಯನ್ನೇ ನೋಡುತ್ತಿದ್ದ.

"ತೆಗೀಬೇಡಿ ಅಂತ ಹೇಳಿ ಕಳಿಸಿದ್ನಲ್ಲ?"

"ಅದಕ್ಕೇ ತೆಗೆದೆ..."

"ತೆಗೀಬೇಡಿ ಅಂದ್ರೆ ತೆಗೆದುಬಿಡೋದಾ? ಗೋಡೆಯಿಂದ ತೆಗೀಬೇಡಿ ಅಂದಿದ್ದು ನಾನು!"

ಅವಳು ಕಣ್ಣು ಕಣ್ಣು ಬಿಟ್ಟಳು. ಒಂದೇ ಮಾತು... ಅವನು ಉಳಿಸಿ ಎಂದು ಹೇಳಿ ಕಳಿಸಿದ್ದ, ಅವಳು ತೊಲಗಿ ಎಂದು ಕೇಳಿಸಿಕೊಂಡಿದ್ದಳು. ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದು ಅಲ್ಲೇ ಕೂತುಬಿಟ್ಟಳು.

ಅವನು ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಆ ಚಿತ್ರಗಳನ್ನು ನೋಡಿದ ಮೇಲೆ ನಿದ್ದೆ ಹತ್ತಲಿಲ್ಲವಂತೆ. ಮರುದಿನ ಬೆಳಿಗ್ಗೆ ತಾನಾಗಿಯೇ ಕಂಪನಿಗೆ ಹೋಗಿ ಭುಜದ ವಿಷಯ ಒಪ್ಪಿಕೊಂಡಿದ್ದ. ಅಲ್ಲಿಂದ ನೇರ ಆಸ್ಪತ್ರೆ. ಇನ್ನೊಂದು ಸಲ ಜಾರಿದ್ದರೆ ಈ ಕೈ ಹಿಡಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಈಗ ಕೆಲವು ತಿಂಗಳು ಉಗ್ರಾಣವೇ ಗತಿ. ಮತ್ತೆ ಮೇಲೆ ಹತ್ತಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ.

"ನನಗೆ ಹೆದರಿಕೆ ಆಗ್ತಿದೆ," ಎಂದ ಮೆಲ್ಲಗೆ. "ಇದನ್ನ ಯಾರ ಹತ್ರಾನೂ ಹೇಳಿಲ್ಲ."

ಅವಳು ಅವನ ಬಲಗೈ ಹಿಡಿದುಕೊಂಡಳು. "ಅವತ್ತು ಕೇಳಿದ್ರಲ್ಲ, ಯಾಕೆ ನನ್ನ ಹಿಂದೆ ಬಿದ್ದಿದ್ದೀರಾ ಅಂತ. ಅವತ್ತು ಬಿದ್ದಿರಲಿಲ್ಲ. ಈಗ ಬಿದ್ದಿದ್ದೀನಿ. ಕೈ ಸರಿಹೋದ್ರೂ, ಹೋಗದಿದ್ರೂ."

ಅವನು ಹಿಡಿದ ಕೈಯನ್ನು ಬಿಗಿಮಾಡಿದ.

ಇಬ್ಬರೂ ಸೇರಿ ಚಿತ್ರಗಳನ್ನು ಮತ್ತೆ ತೂಗುಹಾಕಿದರು. ಅವನು ಒಂದು ಕೈಯಲ್ಲಿ ಎತ್ತಿಕೊಟ್ಟ, ಅವಳು ಮೊಳೆಗೆ ಸಿಕ್ಕಿಸಿದಳು. ದೂರದಿಂದ ನೋಡುತ್ತಿದ್ದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಅವನು ತನ್ನದೇ ಬೆನ್ನುಗಳ ಮುಂದೆ ಅವಳತ್ತ ತಿರುಗಿ ನಿಂತ. ಅವಳು ಕ್ಯಾಮೆರಾ ಎತ್ತಿದಳು. ಕೈ ನಡುಗಿತು, ಗಂಟಲು ಒಣಗಿತು. ಆದರೂ ಕ್ಯಾಮೆರಾದ ಹಿಂದಿನಿಂದ ತಲೆ ಹೊರಹಾಕಿ ಕೇಳಿದಳು.

"ತೆಗೀಲಾ?"

ಅವನು ಅವಳನ್ನೇ ನೋಡುತ್ತಾ ನಿಂತ. ಅವಳ ಬೆರಳು ಅಲುಗಲಿಲ್ಲ.

"ಕೈ ಅಷ್ಟೊಂದು ನಡುಗ್ತಿದೆ. ಇನ್ನೂ ಏನಕ್ಕೆ ಕಾಯ್ತಿದ್ದೀಯಾ?" ಎಂದ. ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು.

"ನೀನು ಹೂಂ ಅನ್ನೋವರೆಗೂ ತೆಗೆಯಲ್ಲ."

"ಹೂಂ," ಎಂದ ಅವನು.