ಬದುಕಿರುವ ಅಮ್ಮನಿಗೊಂದು ತಟ್ಟೆ

"ಫ್ರಿಜ್ಜಿನಲ್ಲಿ ಯಾರದು ಈ ಸತ್ತ ಹೆಗ್ಗಣ?!"

ಉಗ್ನೆ ಕೂಗಿದ ರಭಸಕ್ಕೆ ಹಾಸ್ಟೆಲಿನ ಅಡುಗೆಮನೆಯೇ ಬೆಚ್ಚಿಬಿತ್ತು.

ಮೂಲೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಉದ್ದನೆಯ ಹುಡುಗ ತಲೆ ಎತ್ತಿದ. "ಹೆಗ್ಗಣ ಅಲ್ಲಮ್ಮ, ಚೀಸ್. ಈ ಓಲೊಮೊತ್ಸ್ ಊರಿನ ಹೆಮ್ಮೆ ಅದು."

"ಹೆಮ್ಮೆನಾ? ನಮ್ಮಜ್ಜಿ ಲಿಥುವೇನಿಯಾದಿಂದ ಕಟ್ಟಿ ಕಳಿಸಿದ ಗಸಗಸೆ ಕೇಕಿಗೆಲ್ಲ ನಿನ್ನೂರಿನ ಹೆಮ್ಮೆಯ ನಾತ ಹತ್ಕೊಂಡಿದೆ!"

"ನನ್ನೂರಲ್ಲ. ನಾನು ಸ್ಪೇನ್ ಕಡೆಯ ಬಾಸ್ಕ್ ನಾಡಿನವನು. ಎನೆಕೊ ಅಂತ." ಕೇಳದೆಯೇ ಒಂದು ಚೂರು ಕೇಕ್ ಮುರಿದು ಬಾಯಿಗಿಟ್ಟ. "ನಿಜ, ಹತ್ಕೊಂಡಿದೆ. ಆದ್ರೂ ಅಜ್ಜಿ ಗೆದ್ದಿದಾರೆ."

ನಗಬಾರದು ಅಂದುಕೊಂಡರೂ ಉಗ್ನೆಗೆ ನಗು ಬಂದೇಬಿಟ್ಟಿತು...

ಯುರೋಪಿನ ಸಂಸ್ಕೃತಿ ಮತ್ತು ಸಮಾಜವನ್ನು ಓದಲು ದೇಶಕ್ಕೊಬ್ಬರಂತೆ ಚೆಕ್ ದೇಶದ ಈ ಊರಿಗೆ ಬಂದು ಸೇರಿದ್ದ ತರಗತಿ ಅದು. ಯುರೋಪ್ ಎಂದರೇನು ಎಂದು ಹಗಲೆಲ್ಲ ಪಾಠದಲ್ಲಿ ಜಗಳ. ಸಂಜೆ ಅಡುಗೆಮನೆಯಲ್ಲಿ ಅದೇ ಜಗಳ, ಸೂಪಿನ ಜೊತೆ. ಆ ಜಗಳಗಳ ನಡುವೆಯೇ ಇವರಿಬ್ಬರ ಪ್ರೀತಿ ಸದ್ದಿಲ್ಲದೆ ಬೇರುಬಿಟ್ಟಿತು.

ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ಟ್ರಾಮ್‌ಗೆ ಕಾಯುತ್ತಾ, ಯಾರಿಗೂ ಹೇಳದ ಮಾತನ್ನು ಉಗ್ನೆ ಅವನಿಗೆ ಹೇಳಿದಳು.

"ಕ್ರಿಸ್‌ಮಸ್‌ನ ಹಿಂದಿನ ಸಂಜೆ ನಮ್ಮಲ್ಲಿ ಊಟದ ಮೇಜಿನ ಮೇಲೆ ಒಂದು ಖಾಲಿ ತಟ್ಟೆ ಇಡ್ತಾರೆ ಎನೆಕೊ. ತೀರಿಹೋದವರಿಗೆ. ಅಮ್ಮ ಐರ್ಲೆಂಡಿಗೆ ಅಣಬೆ ಕೀಳೋ ಕೆಲಸಕ್ಕೆ ಹೋದ ವರ್ಷ, ನಾನು ಅಮ್ಮನ ಹೆಸರಲ್ಲಿ ತಟ್ಟೆ ಇಟ್ಟೆ... ಇನ್ನೂ ಚಿಕ್ಕವಳು ನಾನು. ಅಜ್ಜಿ ಕೆನ್ನೆಗೆ ಬಾರಿಸಿದ್ಲು. 'ಬದುಕಿರೋಳಿಗೆ ಇಡ್ತೀಯೇನೇ, ಪಾಪಿ!' ಅಂತ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ್ರೆ ಎದೆ ಒಡ್ಕೊಂಡುಬಿಡ್ತಾಳೆ."

ಎನೆಕೊ ಅವಳ ಕಣ್ಣೀರು ಒರೆಸಿದ. ಅವಳ ತಣ್ಣಗಿನ ಕೈಗಳನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ.

'ಇವನ ಹತ್ತಿರ ನನ್ನ ಗುಟ್ಟು ಬೆಚ್ಚಗಿರುತ್ತೆ' ಅಂದುಕೊಂಡಳು ಹುಡುಗಿ.

ಜೂನ್ ಬಂತು. ಎಲ್ಲರೂ ಪ್ರಬಂಧ ಮಂಡಿಸುವ ವಾರ. ಪ್ರತಿಯೊಂದಕ್ಕೂ ಸಹಪಾಠಿಯೊಬ್ಬರು ಎದ್ದು ಪ್ರಶ್ನೆ ಹಾಕಬೇಕು. ಅವರಿಗೆ ಇಲ್ಲಿ 'ಎದುರಾಳಿ' ಎಂದೇ ಹೆಸರು. ಎನೆಕೊನ ಎದುರಾಳಿಯಾಗುವ ಸರದಿ ಉಗ್ನೆಗೇ ಬಂದಿತ್ತು. ಅವನು ಕೊಟ್ಟ ಪ್ರತಿಯನ್ನು ಆಗಲೇ ಓದಿಯೂ ಆಗಿತ್ತು.

"ಚಿಂದಿ ಮಾಡ್ತೀನಿ, ನೋಡ್ತಿರು," ಎಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ರೇಗಿಸಿದ್ದಳು.

ಆದರೆ ಎನೆಕೊ ಅಂದು ಓದಿದ ಕೊನೆಯ ಪುಟ ಆ ಪ್ರತಿಯಲ್ಲಿ ಇರಲಿಲ್ಲ.

"...ಬಾಲ್ಟಿಕ್ ಕಡೆಯ ಒಬ್ಬ ಹುಡುಗಿ. ದುಡಿಯಲು ದೇಶ ಬಿಟ್ಟ ತಾಯಿಗಾಗಿ ಅವಳು ಇಟ್ಟದ್ದು ಸತ್ತವರ ತಟ್ಟೆ..."

ಉಗ್ನೆಯ ಕಿವಿ ಗುಂಯ್‌ಗುಟ್ಟಿತು. ಅಜ್ಜಿಯ ಏಟು ಮತ್ತೆ ಅದೇ ಕೆನ್ನೆಗೆ ಬಿದ್ದಂತಾಯಿತು!

ಪ್ರೊಫೆಸರ್ ವ್ಲಾಸ್ತಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದಪ್ಪಾ ಜೀವ ಅಂದ್ರೆ! ಈ ವರ್ಷದ ಪ್ರಬಂಧ ಸಂಪುಟದಲ್ಲಿ ಇದು ಅಚ್ಚಾಗಲೇಬೇಕು."

ಸಂಪುಟ... ಮಗಳ ಕೋರ್ಸಿನದ್ದು ಎಂದರೆ ಅರ್ಥವಾಗದಿದ್ದರೂ ಅಕ್ಷರ ಬಿಡದೆ ಓದುವ ಅಮ್ಮ. ಸಂಪುಟ ಕಳಿಸು ಎಂದು ಈಗಲೇ ದುಂಬಾಲು ಬಿದ್ದಿರುವ ಅಮ್ಮ!

"ಎದುರಾಳಿ?" ಎಂದರು ಮೇಡಂ.

ಉಗ್ನೆ ಎದ್ದಳು. "ಒಂದೇ ಪ್ರಶ್ನೆ. ಆ ಹುಡುಗಿಯ ಒಪ್ಪಿಗೆ ಕೇಳಿದ್ರಾ ನೀವು?"

ಅವಳ ಬಾಯಲ್ಲಿ ಆ 'ನೀವು' ಕೇಳಿ ಎನೆಕೊನ ಮುಖ ಬಿಳಿಚಿತು.

"ಹೆಸರು... ಎಲ್ಲೂ ಹಾಕಿಲ್ಲ."

"ನಾನು ಕೇಳಿದ್ದು ಅದಲ್ಲ."

ಎನೆಕೊ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಇಲ್ಲ," ಎಂದ. "ಕೇಳಲಿಲ್ಲ."

"ಅಷ್ಟೇ. ಬೇರೆ ಪ್ರಶ್ನೆ ಇಲ್ಲ."

ಚೀಲ ಎತ್ತಿಕೊಂಡು ಹೊರನಡೆದವಳ ಹಿಂದೆಯೇ ಅವನು ಓಡಿಬಂದ. "ಉಗ್ನೆ, ನಿಲ್ಲು! ಬರೀ ಸಿದ್ಧಾಂತ ತುಂಬಿದೆ, ಜೀವ ಇಲ್ಲ ಅಂದ್ರು ಮೇಡಂ... ಕೊನೇ ಗಳಿಗೇಲಿ ಬೇರೇನೂ ಹೊಳೀಲಿಲ್ಲ. ಹೆಸರು ತೆಗೆದ್ರೆ ಯಾರಿಗೂ ನೋವಾಗಲ್ಲ ಅಂತ ತಾನೇ ನಾವು ಕಲಿತಿದ್ದು?"

"ನೀನು ಹೆಸರು ತೆಗೆದೆ. ಏಟು ತಿಂದ ನನ್ನ ಕೆನ್ನೆ ಅಲ್ಲೇ ಇತ್ತಲ್ಲೋ!" ಅವಳು ತಿರುಗಿ ನಿಂತಳು. "ಆವತ್ತು ಟ್ರಾಮ್ ಸ್ಟಾಪಲ್ಲಿ ನಾನು ಅಳ್ತಿದ್ದಾಗ, ನಿನ್ನ ಪ್ರಬಂಧಕ್ಕೆ ಸರಕು ಸಿಕ್ತು ಅಂದ್ಕೊಂಡ್ಯಾ?"

"ದೇವರಾಣೆ ಇಲ್ಲ!"

"ನನ್ನ ಪಾಲಿಗೆ ಹಾಗೇ ಆಗೋಯ್ತು."

ಆಮೇಲೆ ಅವನು ಅಡುಗೆಮನೆಗೆ ಬಂದರೆ ಇವಳು ಹೊರಗೆ. ಇವಳು ಇದ್ದರೆ ಅವನು ಬಾಗಿಲಿನಿಂದಲೇ ವಾಪಸ್.

ವಾರ ಕಳೆದ ಮೇಲೆ ವ್ಲಾಸ್ತಾ ಮೇಡಂ ಬೀದಿಯಲ್ಲಿ ಸಿಕ್ಕರು. "ಆ ಹುಡುಗನಿಗೆ ಬುದ್ಧಿ ಕೆಟ್ಟಿದೆ. ಪ್ರಬಂಧವನ್ನೇ ವಾಪಸ್ ತಗೊಂಡ. ಇನ್ನು ರಜೆಯಲ್ಲಿ ಕೂತು ಹೊಸದು ಬರೀಬೇಕು. ಯಾಕಪ್ಪಾ ಅಂದ್ರೆ, 'ಅದು ನನ್ನದಲ್ಲ' ಅಂತಾನೆ!"

ಉಗ್ನೆ ನಿಟ್ಟುಸಿರು ಬಿಟ್ಟಳು. ಅಮ್ಮನಿಗೆ ತಿಳಿಯುವುದಿಲ್ಲ. ಸದ್ಯ...

ಆದರೆ ಎದೆಯ ಗಂಟು ಸಡಿಲಾಗಲಿಲ್ಲ. ಕದ್ದ ಮಾಲನ್ನು ಹಿಂದಿರುಗಿಸಿದ ಮಾತ್ರಕ್ಕೆ ಕಳ್ಳತನ ಆಗಲೇ ಇಲ್ಲ ಎನ್ನಲಾದೀತೆ?

ಹಾಸ್ಟೆಲ್ ಖಾಲಿಯಾಗುತ್ತಿತ್ತು. ಮುಂದಿನ ವರ್ಷ ಒಬ್ಬೊಬ್ಬರದು ಒಂದೊಂದು ಊರು. ಹೊರಡುವ ಹಿಂದಿನ ಸಂಜೆ, ಉಗ್ನೆ ಉಳಿದಿದ್ದ ಆಲೂಗಡ್ಡೆ ಬೇಯಿಸುತ್ತಿದ್ದಾಗ ಎನೆಕೊ ಬಾಗಿಲಲ್ಲಿ ನಿಂತ.

"ಕ್ಷಮೆ ಕೇಳೋಕೆ ಬಂದಿಲ್ಲ."

"ಮತ್ತೆ? ಹೆಗ್ಗಣ ತಗೊಂಡು ಹೋಗೋಕಾ?"

ಅವನು ನಗಲಿಲ್ಲ. "ನಿನ್ನದೆಲ್ಲ ನೀನು ನನ್ನ ಹತ್ರ ಹೇಳಿದೆ. ನಾನು ಬರೀ ಕೇಳಿಸ್ಕೊಂಡೆ. ನನ್ನದು ಒಂದೂ ಹೇಳಲಿಲ್ಲ."

ಉಗ್ನೆ ಒಲೆ ಆರಿಸಿದಳು.

"ನನಗೊಬ್ಬ ಚಿಕ್ಕಪ್ಪ ಇದ್ದ. ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದವನು. ರಾಜಕೀಯಕ್ಕೆ ಅಪ್ಪನಿಗೂ ಅವನಿಗೂ ಮಾತು ಬಿಟ್ಟೋಯ್ತು. ಒಂದಿನ ಬೀದೀಲಿ ಸಿಕ್ಕಿ, 'ಎನೆಕೊ' ಅಂತ ಕೈ ಚಾಚಿದ. ಜೊತೇಲಿ ನನ್ನ ಗೆಳೆಯರಿದ್ರು... 'ಯಾರೋ ಗೊತ್ತಿಲ್ಲಪ್ಪ' ಅಂದುಬಿಟ್ಟೆ." ಅವನು ತನ್ನ ಅಂಗೈ ನೋಡಿಕೊಂಡ. "ಚಾಚಿದ ಕೈ ಹಾಗೇ ಇತ್ತು ಉಗ್ನೆ. ಆ ಚಳಿಗಾಲ ತೀರ್ಕೊಂಡ. ಮಣ್ಣಿಗೂ ಹೋಗ್ಲಿಲ್ಲ ನಾವು."

ಉಗ್ನೆ ಅವನ ಕಡೆ ತಿರುಗಿದಳು.

"ಯಾರಿಗೂ ಹೇಳಿಲ್ಲ ಇದನ್ನ. ಬೇಕಾದ್ರೆ ಬರಿ. ಹೆಸರು ಹಾಕೇ ಬರಿ."

"ನಾನೇನು ನೀನಾ?" ಚುರುಕ್ಕೆನ್ನಿಸಿದಳು. ಆದರೆ ಕಣ್ಣು ತುಂಬಿತ್ತು.

ಕಪಾಟು ತೆರೆದು ಮೇಜಿನ ಮೇಲೆ ಒಂದು ತಟ್ಟೆ ಇಟ್ಟಳು. ಎದುರಿಗೆ ಇನ್ನೊಂದು. ಕ್ಷಣ ತಡೆದು, ನಡುವೆ ಮತ್ತೊಂದು...

"ಅದು ಯಾರಿಗೆ?"

"ನಿನ್ನ ಚಿಕ್ಕಪ್ಪನ ಹೆಸರೇನು?"

"ಪೆಲ್ಲೊ."

"ಪೆಲ್ಲೊ ಚಿಕ್ಕಪ್ಪನಿಗೆ. ಕ್ರಿಸ್‌ಮಸ್ ಅಲ್ಲ, ಇರಲಿ." ಆ ತಟ್ಟೆಯ ಅಂಚನ್ನು ಮೆಲ್ಲಗೆ ಸವರಿದಳು. "ತೀರಿಹೋದವರಿಗೆ ತಾನೇ ಇಡೋದು. ಈ ಸಲ ಅಜ್ಜಿ ಬೈಯಲ್ಲ."

ಎನೆಕೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಉಗ್ನೆ ಹತ್ತಿರ ಬಂದು ಆ ಕೈಗಳನ್ನು ಬಿಡಿಸಿ ಹಿಡಿದುಕೊಂಡಳು.

"ಕ್ಷಮಿಸಿದ್ಯಾ?"

"ಇನ್ನೂ ಇಲ್ಲ. ಕೂತ್ಕೋ ಮೊದಲು, ಆಲೂಗಡ್ಡೆ ಆರೋಗುತ್ತೆ."

"ಉಗ್ನೆ... ನಿನ್ನನ್ನ ತುಂಬಾ ಪ್ರೀತಿಸ್ತೀನಿ ಕಣೇ."

"ಗೊತ್ತು ಕಣೋ. ಇದನ್ನೂ ಎಲ್ಲಾದ್ರೂ ಬರೆದುಗಿರೆದುಬಿಟ್ಟೀಯ!"

"ಇಲ್ಲ," ಎಂದ, ಅವಳ ಅಂಗೈಗೆ ಹಣೆ ಒತ್ತಿ. "ಇದು ನಿನಗೆ ಮಾತ್ರ."